ಕುರ್ಚಿ ಹಿಂದೆ ಯಾರೂ ನಿಲ್ಲದ ಹೋಟೆಲ್

ಈ ಹೋಟೆಲಿನ ಹೆಸರು ನಾನು ಬರೆಯುತ್ತಿಲ್ಲ. ನಡೆಸುವ ಅಕ್ಕನನ್ನು ಕೇಳಿದೆ. "ಬೇಡ ಸಾರ್, ಇರೋದು ಏಳು ಟೇಬಲ್. ಈಗ ಬರೋರಿಗೇ ಜಾಗ ಸಾಲಲ್ಲ" ಅಂದರು. ಅವರ ಮಾತು ಮೀರಬಾರದು. ಗುರುತು ಮಾತ್ರ ಹೇಳುತ್ತೇನೆ. ಶಿವಮೊಗ್ಗದ ದುರ್ಗಿಗುಡಿಯಿಂದ ಒಳಗೆ ಹೋಗುವ ಒಂದು ಅಡ್ಡರಸ್ತೆ. ಹಳೇ ಹೆಂಚಿನ ಮನೆ. ಮುಂದಿನ ಜಗಲಿಯಲ್ಲಿ ಉದ್ದದ ಮರದ ಬೆಂಚು. ಮಧ್ಯಾಹ್ನ ಒಂದು ಗಂಟೆಗೆ ಹತ್ತು ಜನ ಆ ಬೆಂಚಿನ ಮೇಲೆ ನಿಶ್ಚಿಂತೆಯಿಂದ ಕೂತಿದ್ದರೆ ಅದೇ ಹೋಟೆಲ್.

ನಾನು 31 ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತವನು. ಊರು ತೀರ್ಥಹಳ್ಳಿ ಕಡೆ. ಅಷ್ಟು ವರ್ಷದಲ್ಲಿ ಜನರ ಮುಖಕ್ಕಿಂತ ಕೈಗಳನ್ನೇ ಜಾಸ್ತಿ ನೋಡಿದ್ದೇನೆ. ಎದುರಿಗೆ ಒಬ್ಬರು ಆರ್‌ಡಿ ಖಾತೆಗೆ ತಿಂಗಳ ಕಂತು ಕಟ್ಟುತ್ತಿರುತ್ತಾರೆ. ಅವರ ಭುಜದ ಮೇಲಿಂದ ಒಂದು ಕೈ ಬರುತ್ತದೆ, "ಒಂದೇ ಒಂದು ಸ್ಟಾಂಪ್ ಸಾರ್." ಕಂಕುಳ ಕೆಳಗಿಂದ ಇನ್ನೊಂದು ಕೈ ಬರುತ್ತದೆ, ಅದರಲ್ಲಿ ಪಾಸ್‌ಬುಕ್. ದಾರ ಕಟ್ಟಿದ ಪೆನ್ನನ್ನು ದಾರದ ಸಮೇತ ಎಳೆದುಕೊಂಡು ಹೋದವರಿದ್ದರು. ಗೋಂದು ಹಚ್ಚಿದ ಬೆರಳನ್ನು ಗೋಡೆಗೆ ಒರೆಸುವವರಂತೂ ದಿನಾ ಇರುತ್ತಿದ್ದರು. ಗೋಂದಿನ ಡಬ್ಬಿ ಪಕ್ಕದ ಗೋಡೆ ಮುಟ್ಟಿದರೆ ಹಲಸಿನ ಮೇಣ ಮುಟ್ಟಿದ ಹಾಗೆ ಆಗುತ್ತಿತ್ತು. ಈಗ ರಿಜಿಸ್ಟರ್ಡ್ ಪೋಸ್ಟ್ ಕೂಡ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ಭುಜದ ಮೇಲಿನ ಕೈ ಮಾತ್ರ ಎಲ್ಲೂ ಹೋಗಿಲ್ಲ.

ಹಾಗಾಗಿ ಯಾವ ಹೋಟೆಲಿಗೆ ಹೋದರೂ ನನ್ನ ಕಣ್ಣು ಮೊದಲು ಸಾಲಿನ ಕಡೆ ಹೋಗುತ್ತದೆ. ತಿಂಡಿ ಆಮೇಲೆ.

ಹೆಂಡತಿಯ ಮಂಡಿ ನೋವಿಗೆ ತಿಂಗಳಿಗೊಮ್ಮೆ, ಮಂಗಳವಾರ, ಶಿವಮೊಗ್ಗಕ್ಕೆ ಬರುತ್ತೇವೆ. ಬಸ್ಸಿನಲ್ಲಿ ಸುಮಾರು 60 ಕಿಲೋಮೀಟರ್. ಮಳೆಗಾಲದಲ್ಲಿ ಮಂಡಗದ್ದೆ ಹತ್ತಿರ ತುಂಗೆಯ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ ಗೂಡು ಕಟ್ಟಿರುತ್ತವೆ. ಅದನ್ನು ನೋಡುತ್ತಾ ಬರೋದು ನಮಗಿಬ್ಬರಿಗೂ ಇಷ್ಟ. ಈ ಸಲ ಹಿಂದಿನ ಸೀಟಿನವರೊಬ್ಬರು ಫೋನಿನಲ್ಲಿ ಹದಿನೈದು ಸೆಕೆಂಡಿಗೊಂದು ವಿಡಿಯೋ ಬದಲಾಯಿಸುತ್ತಾ ಬಂದರು. ಒಂದರಲ್ಲಿ ನಗು, ಒಂದರಲ್ಲಿ ಭಜನೆ, ಒಂದರಲ್ಲಿ ಯಾರೋ ಜಗಳ. ಮಂಡಗದ್ದೆ ಬಂದಾಗ ನನ್ನ ಹೆಂಡತಿ ತಿರುಗಿ, "ಅಪ್ಪಾ, ಹಕ್ಕಿ ನೋಡು, ಎಷ್ಟು ಚೆನ್ನಾಗಿದೆ" ಅಂದಳು. ಆತ ಕಿಟಕಿ ಕಡೆ ನೋಡಿದ. ಫೋನು ಮಡಿಲಿಗೆ ಇಳಿಯಿತು. ಗಾಜನೂರು ದಾಟುವ ತನಕ ಬಸ್ಸು ತಣ್ಣಗಿತ್ತು. ಬೈದಿದ್ದರೆ ಸದ್ದು ಇನ್ನೂ ಜಾಸ್ತಿ ಆಗುತ್ತಿತ್ತು, ಅಲ್ವಾ?

ಇನ್ನು ಈ ಹೋಟೆಲಿಗೆ ಬರಲು ಶುರು ಮಾಡಿದ್ದು ಯಾಕೆ ಅಂತ ಹೇಳಬೇಕು. ಎರಡು ವರ್ಷದ ಹಿಂದೆ ನಾವು ಬೇರೆ ಕಡೆ ಊಟ ಮಾಡುತ್ತಿದ್ದೆವು. ಆ ಜಾಗದ ಹೆಸರೂ ಬೇಡ. ಊಟ ಚೆನ್ನಾಗಿತ್ತು. ಒಂದು ದಿನ ನನ್ನ ಹೆಂಡತಿ ಇನ್ನೂ ಸಾರನ್ನದಲ್ಲಿದ್ದಳು. ಅವಳ ಕುರ್ಚಿ ಹಿಂದೆ ಒಂದು ಸಂಸಾರ ಬಂದು ನಿಂತಿತು. ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಒಬ್ಬರು ಅಜ್ಜಿ. ಅಪ್ಪ ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟ. ಚಿಕ್ಕ ಹುಡುಗ ಸ್ಕೂಲ್ ಬ್ಯಾಗ್ ತಂದು ಅವಳ ನೀರಿನ ಲೋಟದ ಪಕ್ಕ ಇಟ್ಟ. ಐದು ಜನರ ಹತ್ತು ಕಣ್ಣು ಅವಳ ಎಲೆಯ ಮೇಲೆ. ಅವಳು ತುತ್ತು ಎತ್ತಿದರೆ ಅವರ ಕಣ್ಣೂ ಏಳುತ್ತದೆ. ಆಮೇಲೆ ಆ ಅಮ್ಮ ತುಂಬಾ ಮರ್ಯಾದೆಯಿಂದಲೇ ಕೇಳಿದರು, "ಮೊಸರನ್ನ ತಿಂತೀರಾ, ಇಲ್ಲ ಆಯ್ತಾ?"

ಅವಳು ಮೊಸರನ್ನ ಬಿಟ್ಟು ಎದ್ದಳು. ಮೊಸರನ್ನ ಇಲ್ಲದೆ ಅವಳು ಊಟದಿಂದ ಎದ್ದದ್ದನ್ನು ಮದುವೆಯಾದ ಮೇಲೆ ನಾನು ನೋಡಿದ್ದು ಅದೇ ಮೊದಲು. ಬಸ್ಸಿನಲ್ಲಿ ಗಾಜನೂರು ಬೋರ್ಡು ಕಂಡರೂ, ಸಕ್ರೆಬೈಲು ಬಿಡಾರದ ಆನೆ ಕಂಡರೂ ಮಾತಾಡಲಿಲ್ಲ. ಮನೆಗೆ ಬಂದು ಒಂದು ಬಟ್ಟಲು ಮೊಸರನ್ನ ಕಲಸಿ, ಬಾಗಿಲು ಹಾಕಿಕೊಂಡು ತಿಂದಳು.

ಆ ಸಂಸಾರದ ಮೇಲೆ ನನಗೆ ಸಿಟ್ಟು ಬಂದಿತ್ತು. ಆಮೇಲೆ ಯೋಚನೆ ಮಾಡಿದೆ. ಅವರು ಇನ್ನೆಲ್ಲಿ ನಿಲ್ಲಬೇಕಿತ್ತು? ಹೊರಗೆ ಮಳೆ. ಒಳಗೆ ಕೂರಲು ಜಾಗ ಇಲ್ಲ. ದೂರ ನಿಂತರೆ ಇನ್ಯಾರೋ ನುಗ್ಗಿ ಕೂರುತ್ತಾರೆ. ಕುರ್ಚಿ ಹಿಡಿದು ನಿಂತವರಿಗೇ ಕುರ್ಚಿ ಅನ್ನೋದು ಅಲ್ಲಿನ ಕಾನೂನು. ಅಜ್ಜಿಗೆ ಹಸಿವಾಗಿತ್ತು. ನನ್ನ ಕೌಂಟರಿನಲ್ಲೂ ಹೀಗೇ ಆಗಿತ್ತು. ಗೋಡೆ ಉದ್ದಕ್ಕೂ ಒಂದು ಬೆಂಚು ಹಾಕಿಸಿದೆ. ಮುಂದಿನವರು ಎದ್ದ ಹಾಗೆ ಉಳಿದವರು ಸರಿಯುತ್ತಾ ಬರಬೇಕು. ಒಂದು ವಾರದಲ್ಲಿ ಭುಜದ ಮೇಲಿನ ಕೈಗಳು ಅರ್ಧಕ್ಕರ್ಧ ಕಮ್ಮಿಯಾದವು. ಜನ ಅವರೇ. ತಮ್ಮ ಸರದಿ ಎಲ್ಲೂ ಹೋಗಲ್ಲ ಅನ್ನೋ ಧೈರ್ಯ ಬಂದಿತ್ತು, ಅಷ್ಟೇ.

ಈ ಅಕ್ಕ ಅದೇ ಧೈರ್ಯವನ್ನು ಮರದ ಬಿಲ್ಲೆಯಲ್ಲಿ ಕೊಡುತ್ತಾರೆ. ಜಗಲಿ ಹತ್ತಿದ ಕೂಡಲೇ ಬಾಗಿಲ ಪಕ್ಕದ ಮೊಳೆಯಿಂದ ಒಂದು ಬಿಲ್ಲೆ ತೆಗೆದುಕೊಳ್ಳಬೇಕು. ಅದರ ಮೇಲೆ ನಂಬರ್ ಇರುತ್ತದೆ. ಬೆಂಚಿನ ಮೇಲೆ ಕೂರಬೇಕು. ಜಾಗ ಖಾಲಿಯಾದಾಗ ನಂಬರ್ ಕರೆಯುತ್ತಾರೆ. ಕರೆಯುವ ತನಕ ಹೊಸ್ತಿಲು ದಾಟುವ ಹಾಗಿಲ್ಲ. ಇಷ್ಟೇ ಏರ್ಪಾಡು. ಒಳಗೆ 28 ಕುರ್ಚಿ ಇವೆ. ಒಂದರ ಹಿಂದೆಯೂ ಯಾರೂ ನಿಂತಿರುವುದಿಲ್ಲ. ನನ್ನ ಹೆಂಡತಿ ಮೊದಲ ದಿನ ಎರಡು ಸಲ ಮೊಸರನ್ನ ಹಾಕಿಸಿಕೊಂಡಳು.

ಕೊಡೆಯ ವಿಷಯ ಬಿಡಿಸಿ ಹೇಳಲೇಬೇಕು. ಮಲೆನಾಡಿನವರಿಗೆ ಇದು ಸಣ್ಣ ವಿಷಯ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕೈಯಲ್ಲಿ ಕೊಡೆ ಇದ್ದೇ ಇರುತ್ತದೆ. ಎಲ್ಲಾ ಕೊಡೆಯೂ ಕಪ್ಪು, ಎಲ್ಲಾ ಹಿಡಿಯೂ ಬಾಗಿದ್ದು. ಹೋಟೆಲಿನಲ್ಲಿ ಅದನ್ನು ಎಲ್ಲಿಡೋದು? ಮೇಜಿಗೆ ನೇತು ಹಾಕಿದರೆ ಪಕ್ಕದವರ ಪಂಚೆ ಒದ್ದೆ. ಕಾಲ ಕೆಳಗೆ ಇಟ್ಟರೆ ನೀರು ಹರಿದು ಸಪ್ಲೈ ಮಾಡುವ ಹುಡುಗ ಜಾರುತ್ತಾನೆ. ಬಾಗಿಲ ಮೂಲೆಯಲ್ಲಿ ರಾಶಿ ಹಾಕಿದರೆ ಹೋಗುವಾಗ ಯಾರದೋ ಯಾರಿಗೋ. ಅಂಚೆ ಕಚೇರಿಯ ಮೂಲೆಯಿಂದ ನನ್ನ ಒಳ್ಳೆಯ ಕೊಡೆ ಮೂರು ಸಲ ಹೋಗಿದೆ. ಮೂರು ಸಲವೂ ಅದರ ಜಾಗದಲ್ಲಿ ಕಡ್ಡಿ ಮುರಿದದ್ದು ಸಿಕ್ಕಿದೆ. ಕದ್ದವರು ಅಂತ ಹೇಳಲಾರೆ. ಅವಸರದಲ್ಲಿ ಕೈಗೆ ಬಂದದ್ದು ಹಿಡಿದು ಹೋಗಿರುತ್ತಾರೆ. ಕೈಗೆ ಯಾವಾಗಲೂ ಒಳ್ಳೆಯದೇ ಹೇಗೆ ಬರುತ್ತೆ ಅನ್ನೋದು ಮಾತ್ರ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಇಲ್ಲಿ ಜಗಲಿಯ ಗೋಡೆಗೆ ಕೊಕ್ಕೆಗಳಿವೆ. ಕೊಕ್ಕೆಗೂ ನಂಬರ್. ನಿಮ್ಮ ಬಿಲ್ಲೆ 14 ಆದರೆ ಕೊಡೆಯೂ 14ರಲ್ಲೇ. ಕೆಳಗೆ ಅಡಿಕೆ ಮರ ಸೀಳಿ, ಒಳಗಿನ ತಿರುಳು ತೆಗೆದು ಮಾಡಿದ ದೋಣಿ. ಕೊಡೆಯ ನೀರೆಲ್ಲ ಅದರಲ್ಲಿ ಹರಿದು ಹೊರಗಿನ ಬಾಳೆ ಬುಡಕ್ಕೆ ಹೋಗುತ್ತದೆ. ತೋಟಕ್ಕೆ ನೀರು ಬಿಡುವ ಹಳೇ ಪದ್ಧತಿಯೇ. ಅಕ್ಕನ ತವರು ಹೊಸನಗರ ಕಡೆ, ಅಲ್ಲಿಂದ ಬಂದ ಬುದ್ಧಿ. ಎರಡು ಮಳೆಗಾಲ ಕಳೆಯಿತು, ನನ್ನ ಕೊಡೆ ಪ್ರತಿ ಸಲ ನನ್ನ ಜೊತೆಗೇ ಮನೆಗೆ ಬಂದಿದೆ.

ಫೋನಿನ ಸದ್ದಿಗೆ ಗೋಡೆ ಮೇಲೆ ಒಂದು ಬೋರ್ಡ್ ಇದೆ. ಆದರೆ ಬೋರ್ಡ್ ಓದುವವರು ಮೊದಲೇ ಸದ್ದು ಮಾಡುವವರಲ್ಲ. ಕೆಲಸ ಮಾಡೋದು ಸಪ್ಲೈ ಹುಡುಗ. ಯಾರಾದರೂ ಜೋರಾಗಿ ವಿಡಿಯೋ ಹಾಕಿದ್ದರೆ, ಅವರ ರೊಟ್ಟಿ ತಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುತ್ತಾನೆ. ಏನೂ ಹೇಳಲ್ಲ. ನಗುತ್ತಾ ನಿಂತಿರುತ್ತಾನೆ. ರೊಟ್ಟಿಯ ಬಿಸಿ, ಚಟ್ನಿಯ ಒಗ್ಗರಣೆ ವಾಸನೆ ಮೂಗಿಗೆ ಬಡಿಯುತ್ತದೆ. ಅವರು ತಲೆ ಎತ್ತುತ್ತಾರೆ, ಫೋನ್ ಬದಿಗಿಡುತ್ತಾರೆ. ಆಮೇಲೆ ತಟ್ಟೆ ಮೇಜಿಗೆ ಬರುತ್ತದೆ. ಹುಡುಗನನ್ನು ಕೇಳಿದೆ, ಇದನ್ನು ಯಾರು ಹೇಳಿಕೊಟ್ಟರು ಅಂತ. "ಅಕ್ಕ ಹೇಳಿದ್ದು ಸಾರ್. ಮಾತಾಡಿದ್ರೆ ಜಗಳ, ನಿಂತ್ರೆ ಅರ್ಥ ಆಗುತ್ತೆ ಅಂತ."

ಆ ಹುಡುಗರನ್ನು ಜನ ಕರೆಯುವ ರೀತಿಯೂ ಇಲ್ಲಿ ಬೇರೆ. ಬೇರೆ ಕಡೆ "ಏಯ್", "ಶ್" ಅಂತಾರೆ, ಚಿಟಿಕೆ ಹೊಡೆಯುತ್ತಾರೆ, ಲೋಟದಿಂದ ಮೇಜು ಕುಟ್ಟುತ್ತಾರೆ. ಇಲ್ಲಿ ಪ್ರತಿ ಮೇಜಿನ ಪಕ್ಕ ಸಣ್ಣ ಕರಿಹಲಗೆ ಇದೆ. ಆ ದಿನ ಆ ಮೇಜು ನೋಡಿಕೊಳ್ಳುವ ಹುಡುಗನ ಹೆಸರು ಸುಣ್ಣದಕಡ್ಡಿಯಲ್ಲಿ ಬರೆದಿರುತ್ತಾರೆ. ಹೆಸರು ಗೊತ್ತಿದ್ದ ಮೇಲೆ ಚಿಟಿಕೆ ಹೊಡೆಯಲು ಕೈ ಬರಲ್ಲ. ಕೌಂಟರಿನಲ್ಲಿ ನನ್ನನ್ನು "ಹಲೋ" ಅಂದವರಿಗೂ, ಹೆಸರು ಹಿಡಿದು ಕರೆದವರಿಗೂ ನಾನು ಅದೇ ಸ್ಟಾಂಪ್ ಕೊಟ್ಟಿದ್ದೇನೆ. ಆದರೆ ಹೆಸರು ಹಿಡಿದು ಕರೆದವರು ಇವತ್ತಿಗೂ ನೆನಪಿದ್ದಾರೆ.

ಕೈ ತೊಳೆಯುವ ಜಾಗ ಹಿಂದಿನ ಅಂಗಳದಲ್ಲಿದೆ, ಊಟದ ಕೋಣೆಯಿಂದ ಗೋಡೆಯಾಚೆ. ಇದು ದೊಡ್ಡ ಉಪಕಾರ. ನಾವು ಪಾಯಸ ತಿನ್ನುತ್ತಿರುವಾಗ ಐದಡಿ ದೂರದಲ್ಲಿ ಒಬ್ಬರು ಗಂಟಲಿನ ಆಳದಿಂದ ಕ್ಯಾಕರಿಸಿದರೆ ಪಾಯಸ ಕೆಳಗೆ ಇಳಿಯಲ್ಲ. ಮೊದಲು ಅಲ್ಲಿ ಒಂದು ಕನ್ನಡಿ ಇತ್ತಂತೆ. ಕೈ ತೊಳೆದವರು ತಲೆ ಬಾಚಲು ನಿಲ್ಲುತ್ತಿದ್ದರು. ಹಿಂದೆ ಎಂಜಲು ಕೈ ಎತ್ತಿ ಹಿಡಿದುಕೊಂಡು ನಾಲ್ಕು ಜನ ಕಾಯುತ್ತಿದ್ದರು. ತೊಟ್ಟಿಯಲ್ಲಿ ಕೂದಲು. ಅಕ್ಕ ಕನ್ನಡಿ ಬಿಚ್ಚಿಸಿ ಜಗಲಿಯಲ್ಲಿ, ಬೆಂಚಿನ ಎದುರು ತೂಗುಹಾಕಿದರು. ಈಗ ಕಾಯುವವರು ಅಲ್ಲೇ ತಲೆ ಬಾಚಿಕೊಳ್ಳುತ್ತಾರೆ. ಎಷ್ಟು ಸುಲಭ ನೋಡಿ.

ಉಗುಳುವ ವಿಷಯ ನಮ್ಮ ಜಿಲ್ಲೆಯವರು ಮಾತಾಡಲೇಬೇಕು. ನಾವು ಅಡಿಕೆ ಬೆಳೆಯುವವರು. ಊಟ ಆದ ಮೇಲೆ ಒಂದು ಕವಳ, ಅಂದರೆ ಎಲೆ ಅಡಿಕೆ, ನನಗೂ ಬೇಕು. ಆದರೆ ಬಸ್ ಸ್ಟ್ಯಾಂಡಿನ ಕಂಬ, ಆಫೀಸಿನ ಮೆಟ್ಟಿಲ ಮೂಲೆ, ಲಿಫ್ಟಿನ ಗೋಡೆ ಕೆಂಪಾಗಿರೋದು ನೋಡಿದರೆ ನಾಚಿಕೆಯಾಗುತ್ತದೆ. ಕರ್ನಾಟಕದಲ್ಲಿ ತಂಬಾಕು ಕಾಯಿದೆಗೆ ತಿದ್ದುಪಡಿ ಆಗಿದೆ. ಸಾರ್ವಜನಿಕ ಜಾಗದಲ್ಲಿ ತಂಬಾಕು ಉಗುಳಿದರೆ ಈಗ 1000 ರೂಪಾಯಿ ತನಕ ದಂಡ. ಕಾಯಿದೆ ಒಳ್ಳೆಯದೇ. ಆದರೆ ಬಾಯಿ ತುಂಬಿದವನಿಗೆ ಆ ಹೊತ್ತಿಗೆ ಬೇಕಾಗಿರೋದು ಒಂದು ಜಾಗ. ಅಕ್ಕ ಅಂಗಳದ ಮೂಲೆಯಲ್ಲಿ ಮರಳು ತುಂಬಿದ ಮುಚ್ಚಳದ ಡಬ್ಬ ಇಟ್ಟಿದ್ದಾರೆ. ಮುಚ್ಚಳ ತೆಗೆಯೋದು ಕಾಲಿನಲ್ಲಿ. ಹೋಟೆಲಿನ ಗೋಡೆಗೆ ಸುಣ್ಣ ಹೊಡೆದು ಎರಡು ವರ್ಷವಾಯಿತಂತೆ, ಒಂದು ಕೆಂಪು ಚುಕ್ಕೆ ಇಲ್ಲ. ನಾನೇ ಸುತ್ತಿ ನೋಡಿಕೊಂಡು ಬಂದೆ.

ಹಣ ಕೊಡುವ ಕಡೆ ಅಡಿಕೆ ಮರ ಸೀಳಿದ ದಬ್ಬೆಯ ಬೇಲಿ ಕಟ್ಟಿದ್ದಾರೆ. ಒಬ್ಬರು ಮಾತ್ರ ಹೋಗುವಷ್ಟು ದಾರಿ. ಆ ದಬ್ಬೆ ನೋಡಿದಾಗ ನನಗಾದ ಸಂತೋಷ ಕೌಂಟರಿನಲ್ಲಿ ಕೂತವರಿಗೆ ಮಾತ್ರ ಅರ್ಥವಾಗುತ್ತದೆ. ಅಲ್ಲಿ ಭುಜದ ಮೇಲಿಂದ ಕೈ ಚಾಚಲು ಸಾಧ್ಯವೇ ಇಲ್ಲ.

ತಿಂಡಿ ಊಟದ ಬಗ್ಗೆ. ಬೆಳಿಗ್ಗೆ ಎರಡು ಅಕ್ಕಿ ರೊಟ್ಟಿ, ಕಾಯಿ ಚಟ್ನಿ, 50 ರೂಪಾಯಿ. ರೊಟ್ಟಿ ತೆಳ್ಳಗೆ, ಅಂಚು ಗರಿಗರಿ. ಕಡುಬು ಮಂಗಳವಾರ, ಶುಕ್ರವಾರ ಮಾತ್ರ. ಮಧ್ಯಾಹ್ನದ ಊಟ 90 ರೂಪಾಯಿ, ಬಾಳೆ ಎಲೆ. ಒಂದೆಲಗದ ತಂಬುಳಿ ನಾನು ಶಿವಮೊಗ್ಗದಲ್ಲಿ ತಿಂದದ್ದರಲ್ಲೇ ಚೆನ್ನಾಗಿರೋದು. ಅದರ ಮಜ್ಜಿಗೆ ಹುಳಿಯಾಗಿಲ್ಲ, ಜೀರಿಗೆ ಹದ. ಮಿಡಿ ಉಪ್ಪಿನಕಾಯಿ ಕಚ್ಚಿದರೆ ಕಟುಂ ಅನ್ನುತ್ತದೆ. ಮಳೆಗಾಲದಲ್ಲಿ ಕಳಲೆ, ಅಂದರೆ ಎಳೆ ಬಿದಿರಿನ, ಪಲ್ಯ ಸಿಗುತ್ತದೆ. ಮೂರು ದಿನ ನೀರು ಬದಲಾಯಿಸಿ ನೆನೆಸಿದ್ದು, ಕಹಿ ಇಲ್ಲ. ಪತ್ರೊಡೆ ಅದೃಷ್ಟ ಇದ್ದ ದಿನ. ಕೆಸುವಿನ ಎಲೆಗೆ ಹುಣಸೆಹುಳಿ ಸಾಲದಿದ್ದರೆ ಗಂಟಲು ಕೆರೆಯುತ್ತದೆ. ಇಲ್ಲಿ ನನಗೆ ಒಮ್ಮೆಯೂ ಕೆರೆದಿಲ್ಲ.

ಕೊರತೆಗಳೂ ಇವೆ. ಹುಳಿಗೆ ಬೆಲ್ಲ ಜಾಸ್ತಿ. ಎರಡು ಸಲ ಹೇಳಿದೆ, ಹಾಗೇ ಇದೆ. ಹನ್ನೊಂದು ಗಂಟೆ ಮೇಲೆ ಕಾಫಿ ನೀರು ನೀರು, ಡಿಕಾಕ್ಷನ್ ಎರಡನೇ ಸಲದ್ದು ಇರಬೇಕು. ಗಾಡಿ ನಿಲ್ಲಿಸಲು ಜಾಗ ಇಲ್ಲ. ಕೆಲವರು ಎದುರು ಮನೆಯ ಗೇಟಿಗೇ ಅಡ್ಡ ನಿಲ್ಲಿಸುತ್ತಾರೆ. ಆ ಮನೆಯವರು ಊಟದ ನಡುವೆ ಬಂದು ಗಾಡಿ ನಂಬರ್ ಕೂಗುತ್ತಾರೆ, ಪಾಪ. ಇದಕ್ಕೆ ಅಕ್ಕ ಇನ್ನೂ ದಾರಿ ಕಂಡುಹಿಡಿದಿಲ್ಲ. ಐದು ಜನ ಒಟ್ಟಿಗೆ ಬಂದರೆ ಒಂದೇ ಮೇಜು ಸಿಗಲ್ಲ, ಒಬ್ಬರು ಪಕ್ಕದ ಮೇಜಿಗೆ ಹೋಗಬೇಕು. ಎಲ್ಲಕ್ಕಿಂತ ದೊಡ್ಡದು ಜಗಲಿಯ ಮೆಟ್ಟಿಲು. ಎರಡೇ ಮೆಟ್ಟಿಲು, ಆದರೆ ಎತ್ತರ. ಹಿಡಿದುಕೊಳ್ಳಲು ಏನೂ ಇಲ್ಲ. ಮಂಡಿ ನೋವಿನವರಿಗೆ ಕಷ್ಟ.

ಈ ಜುಲೈನಲ್ಲಿ ಪುನರ್ವಸು ಮಳೆ ಹೊಡೆಯುತ್ತಿದ್ದಾಗ ನಡೆದದ್ದು ಹೇಳುತ್ತೇನೆ. ಜೋಗ ನೋಡಿಕೊಂಡು ವಾಪಸು ಹೋಗುವ ಹುಡುಗರು, ಒಂಬತ್ತು ಜನ, ಟೆಂಪೋದಿಂದ ಇಳಿದರು. ತಲೆಯಿಂದ ಕಾಲಿನ ತನಕ ಒದ್ದೆ. ಒಬ್ಬನ ಕೈಯಲ್ಲಿ ಹಾಡು ಹಾಡುವ ಸ್ಪೀಕರ್. ಬಿಲ್ಲೆ ಬೆಂಚು ಯಾವುದೂ ನೋಡದೆ ಸೀದಾ ಒಳಗೆ ಬಂದು ಮೂರು ಮೇಜಿನ ಹಿಂದೆ ಹಂಚಿಕೊಂಡು ನಿಂತರು. ನನ್ನ ಹೆಂಡತಿಯ ಕೈ ಮೊಸರನ್ನದ ಮೇಲೆ ನಿಂತೇ ಹೋಯಿತು.

ಅಕ್ಕ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದರು. ಸ್ಪೀಕರ್ ಹಿಡಿದ ಹುಡುಗನ ಹತ್ತಿರ ಹೋಗಿ, "ಅಪ್ಪಿ, ನಿನ್ನ ದನಿ ದೊಡ್ಡದು. ನನ್ನ ಗಂಟಲು ಕಟ್ಟಿದೆ. ಸ್ವಲ್ಪ ನಂಬರ್ ಕರೀತೀಯಾ?" ಅಂದರು. ಗಂಟಲು ನಿಜವಾಗಿಯೂ ಕಟ್ಟಿತ್ತು, ಬೆಳಿಗ್ಗೆಯಿಂದ ಕಷಾಯ ಕುಡಿಯುತ್ತಿದ್ದರು. ಹುಡುಗ ಒಂದು ಕ್ಷಣ ಏನೂ ತೋಚದೆ ನಿಂತ. ನಂಬರ್ ಕರೆಯಬೇಕಾದರೆ ಹಾಡು ನಿಲ್ಲಿಸಬೇಕು. ನಿಲ್ಲಿಸಿದ. ಹೊಸ್ತಿಲ ಹತ್ತಿರ ಹೋಗಿ ನಿಂತ. ಅವನ ಗೆಳೆಯರು ಒಬ್ಬೊಬ್ಬರೇ ಹೊರಗೆ ಹೋಗಿ ಬಿಲ್ಲೆ ತೆಗೆದುಕೊಂಡರು. "ಹನ್ನೊಂದು, ಹನ್ನೆರಡು ಬನ್ನಿ" ಅಂತ ಕರೆದ. ಒಬ್ಬರು ದೊಡ್ಡ ಮನುಷ್ಯರು ಫೋನಿನಲ್ಲಿ ಮಾತಾಡುತ್ತಾ ನಡುವೆ ನುಗ್ಗಲು ನೋಡಿದರು. ಹುಡುಗ ಕೈ ಅಡ್ಡ ಹಿಡಿದ. "ಸಾರ್, ನಿಮ್ದು ಹದಿನೇಳು. ಇನ್ನೂ ಹದಿಮೂರು ಆಗಿಲ್ಲ." ಅವರು ಬೆಂಚಿಗೆ ವಾಪಸು ಹೋದರು.

ಇಪ್ಪತ್ತು ನಿಮಿಷ ಅವನು ಆ ಕೆಲಸ ಮಾಡಿದ. ಒಬ್ಬರು ಅಜ್ಜ ತುಂಬಾ ನಿಧಾನವಾಗಿ ಉಣ್ಣುತ್ತಿದ್ದರು. ಮುಂದಿನ ಸರದಿ ಆ ಹುಡುಗನ ಗೆಳೆಯನದ್ದೇ. ಗೆಳೆಯ ಬಾಗಿಲಿನಿಂದ ಇಣುಕಿದಾಗ ಇವನು, "ಅಜ್ಜ ಇನ್ನೂ ಮಜ್ಜಿಗೆಗೆ ಬಂದಿಲ್ಲ ಕಣೋ, ಕೂತ್ಕೋ" ಅಂದ. ನನ್ನ ಹೆಂಡತಿ ಅವನನ್ನೇ ನೋಡುತ್ತಾ ಮೊಸರನ್ನ ಮುಗಿಸಿದಳು. ಎಲೆ ಮಡಿಸಿ ಏಳುವಾಗ, "ಒಳ್ಳೇದಾಗ್ಲಿ ಮಗಾ, ಪಲ್ಯ ಬಿಡಬೇಡ, ಚೆನ್ನಾಗಿದೆ" ಅಂದಳು.

ಹೋಗುವವರಿಗೆ ಒಂದೆರಡು ಮಾತು. ಹನ್ನೆರಡೂವರೆ ಒಳಗೆ ಹೋದರೆ ಬೆಂಚಿನಲ್ಲಿ ಕಾಯುವುದು ಕಮ್ಮಿ. ಭಾನುವಾರ ರಜೆ. ಮಧ್ಯಾಹ್ನ ಮೂರೂವರೆಗೆ ಬಾಗಿಲು ಹಾಕುತ್ತಾರೆ. ಕಾಫಿ ಬೇಕಾದರೆ ಬೆಳಿಗ್ಗೆ ಕುಡಿಯಿರಿ. ಗಾಡಿಯನ್ನು ದೊಡ್ಡ ರಸ್ತೆಯಲ್ಲೇ ಬಿಟ್ಟು ನಡೆದು ಬನ್ನಿ, ಎದುರು ಮನೆಯಲ್ಲೂ ವಯಸ್ಸಾದವರಿದ್ದಾರೆ.

ಮೆಟ್ಟಿಲ ವಿಷಯವನ್ನು ಆ ದಿನ ಹೊರಡುವಾಗ ಹೇಳಿದೆವು. ಅಕ್ಕ ಹೊರಗೆ ಬಂದರು. ನನ್ನ ಹೆಂಡತಿಯ ಕೈಯನ್ನು ತಮ್ಮ ಹೆಗಲ ಮೇಲೆ ಇಡಿಸಿಕೊಂಡು ಒಂದೊಂದೇ ಮೆಟ್ಟಿಲು ಇಳಿಸಿದರು. "ಕೈ ಎಷ್ಟು ಎತ್ತರಕ್ಕೆ ಸಿಕ್ಕಿದ್ರೆ ಹಗುರ ಆಗುತ್ತೆ ಅಮ್ಮ?" ಅಂತ ಕೇಳಿದರು. ಅವಳು ತೋರಿಸಿದಳು. ಅಕ್ಕ ಸೆರಗಿನ ತುದಿ ಹಿಡಿದು ಗೋಡೆಯ ಮೇಲೆ ಆ ಎತ್ತರ ಅಳೆದು, ಸುಣ್ಣದಕಡ್ಡಿಯಲ್ಲಿ ಗೆರೆ ಎಳೆದರು. "ದಬ್ಬೆ ಒಂದು ಉಳಿದಿದೆ. ಮುಂದಿನ ಸಲ ಬರೋದ್ರೊಳಗೆ ಕಟ್ಟಿಸಿರ್ತೀನಿ" ಅಂದರು.